ಶ್ರೀ ಕಂಠೀರವ ಹೊರಾಂಗಣ ಕ್ರೀಡಾಂಗಣ, ಬೆಂಗಳೂರು

ಬೆಂಗಳೂರು ನಗರದ ಮಧ್ಯಭಾಗದಲ್ಲಿರುವ ಶ್ರೀ ಕಂಠೀರವ ಹೊರಾಂಗಣ ಕ್ರೀಡಾಂಗಣವು ರಾಜ್ಯದ ಪ್ರಮುಖ ವಿವಿಧೋದ್ದೇಶ ಕ್ರೀಡಾಂಗಣವಾಗಿದ್ದು, ಅಥ್ಲೆಟಿಕ್ಸ್ ಹಾಗೂ ಫುಟ್‌ಬಾಲ್ ಕ್ರೀಡೆಗಳಿಗೆ ಬಳಕೆಯಾಗುತ್ತಿದೆ. ಇದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದಲ್ಲಿರುತ್ತದೆ.

ಹಿನ್ನೆಲೆ

ಈ ಸ್ಥಳವು ಹಿಂದೆ ಸಂಪಂಗಿ ಕೆರೆಯ ಅಂಗಳವಾಗಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ನಗರಕ್ಕೆ ಕೊಳವೆ ನೀರು ಬಂದ ನಂತರ ಕೆರೆಯು ಮಹತ್ವ ಕಳೆದುಕೊಂಡು ಕ್ರಮೇಣ ಬತ್ತಿತು. 1940ರ ದಶಕದಲ್ಲಿ ಅಲ್ಲಿ ಕ್ರೀಡಾಂಗಣವು ರೂಪುಗೊಂಡಿತು. ಕರಗ ಉತ್ಸವದ ವಿಧಿಗಳಿಗಾಗಿ ಉಳಿಸಲಾದ ಪುಟ್ಟ ಕೊಳವೊಂದು ಮಾತ್ರ ಇಂದಿಗೂ ಆ ಕೆರೆಯನ್ನು ನೆನಪಿಸುತ್ತದೆ.

ನಾಮಕರಣ

1638ರಿಂದ 1659ರವರೆಗೆ ಮೈಸೂರನ್ನಾಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರನ್ನು ಕ್ರೀಡಾಂಗಣಕ್ಕೆ ಇಡಲಾಗಿದೆ. ಅವರು ಮಲ್ಲವಿದ್ಯೆಯಲ್ಲಿ ಹೆಸರಾದ ಅರಸರು.

ಪ್ರಮುಖ ಘಟನೆಗಳು

1997ರ ನಾಲ್ಕನೇ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಇದು ಮುಖ್ಯ ತಾಣವಾಗಿತ್ತು. 2014-15ನೇ ಸಾಲಿನಿಂದ ಬೆಂಗಳೂರು ಎಫ್.ಸಿ. ತಂಡವು ಇದನ್ನು ತವರು ಮೈದಾನವಾಗಿ ಬಳಸತೊಡಗಿತು. 2016ರ ಅಕ್ಟೋಬರ್ 19ರಂದು ಈ ತಂಡವು ಮಲೇಷ್ಯಾದ ಜೋಹೋರ್ ದಾರುಲ್ ತಾಝಿಂ ತಂಡವನ್ನು ಇಲ್ಲಿ 3-1ರಿಂದ ಸೋಲಿಸಿ, ಎ.ಎಫ್.ಸಿ. ಕಪ್ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2017ರ ಅಕ್ಟೋಬರ್ 11ರಂದು ಭಾರತವು ಮಕಾವ್ ತಂಡವನ್ನು 4-1ರಿಂದ ಮಣಿಸಿ 2019ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆದುದೂ ಇಲ್ಲಿಯೇ. 2023ರ ಜುಲೈ 4ರಂದು ಕುವೈತ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದು ಭಾರತವು ಸ್ಯಾಫ್ ಚಾಂಪಿಯನ್‌ಷಿಪ್ ಅನ್ನು ಒಂಬತ್ತನೇ ಬಾರಿ ತನ್ನದಾಗಿಸಿಕೊಂಡಿತು.

ಅಥ್ಲೆಟಿಕ್ಸ್‌ನಲ್ಲಿ, 2022ರ ಅಕ್ಟೋಬರ್‌ನ ರಾಷ್ಟ್ರೀಯ ಮುಕ್ತ ಕೂಟದಲ್ಲಿ ಜ್ಯೋತಿ ಯರ್ರಾಜಿ ಅವರು 100 ಮೀಟರ್ ಹರ್ಡಲ್ಸ್ ಓಟವನ್ನು 12.82 ಸೆಕೆಂಡುಗಳಲ್ಲಿ ಪೂರೈಸಿ ರಾಷ್ಟ್ರೀಯ ದಾಖಲೆ ಬರೆದರು. 2025ರ ಜುಲೈ 5ರಂದು ನಡೆದ ನೀರಜ್ ಚೋಪ್ರಾ ಕ್ಲಾಸಿಕ್ ಜಾವೆಲಿನ್ ಸ್ಪರ್ಧೆಯಲ್ಲಿ ನೀರಜ್ ಅವರು 86.18 ಮೀಟರ್ ದೂರ ಎಸೆದು ಪ್ರಥಮ ಸ್ಥಾನ ಪಡೆದರು.

ಕ್ರೀಡೆಯ ಹೊರತಾಗಿಯೂ ಈ ಆವರಣವು ಸಾರ್ವಜನಿಕ ಜೀವನದ ಭಾಗವಾಗಿದೆ. 2013 ಹಾಗೂ 2023ರಲ್ಲಿ ಮುಖ್ಯಮಂತ್ರಿಗಳ ಪ್ರಮಾಣವಚನ ಸಮಾರಂಭಗಳು ಇಲ್ಲಿ ನೆರವೇರಿದವು. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ಅಪಾರ ಜನಸ್ತೋಮ ಇಲ್ಲಿ ನೆರೆದಿತ್ತು.

ಜಂಟಿ ಬಳಕೆಯ ಸಮಸ್ಯೆ

ಒಂದೇ ಅಂಗಳದಲ್ಲಿ ಎರಡು ಕ್ರೀಡೆಗಳನ್ನು ನಡೆಸುವುದು ಸುಲಭವಲ್ಲ. ಪ್ರಮಾಣಿತ 400 ಮೀಟರ್ ಓಟದ ಪಥದ ಒಳಗೆ ದೊರೆಯುವ ಅಗಲ 73 ಮೀಟರ್. ಅಂತರರಾಷ್ಟ್ರೀಯ ಪಂದ್ಯಗಳಿಗೆ ವಾಡಿಕೆಯಲ್ಲಿರುವ ಫುಟ್‌ಬಾಲ್ ಅಂಕಣದ ಅಳತೆ 105 × 68 ಮೀಟರ್. ಇಂತಹ ಅಂಕಣದ ನಾಲ್ಕು ಮೂಲೆಗಳು ಪಥದ ತಿರುವಿಗೆ ಸುಮಾರು ಒಂದು ಮೀಟರಿನಷ್ಟು ಸಮೀಪಿಸುತ್ತವೆ. ಆದುದರಿಂದ ಪಂದ್ಯದ ಸಲಕರಣೆಗಳು ಪಥದ ಮೇಲೆ ಬರುತ್ತವೆ; ಅತ್ತ ಜಾವೆಲಿನ್, ಹ್ಯಾಮರ್ ಎಸೆತಗಳಿಂದ ಅಂಕಣದ ಹುಲ್ಲು ಹಾಳಾಗುತ್ತದೆ. ಫುಟ್‌ಬಾಲ್ ಪಂದ್ಯಗಳು ಹೆಚ್ಚಿದಂತೆ ಅಭ್ಯಾಸಕ್ಕೆ ಅವಕಾಶ ಕುಗ್ಗಿತೆಂದು ಅಥ್ಲೀಟ್‌ಗಳು ಹಾಗೂ ತರಬೇತುದಾರರು ಆಕ್ಷೇಪಿಸಿದ್ದುಂಟು.

ಪಂದ್ಯವು ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಓಟಗಾರರಿಗೆ ಪಥವು ಪ್ರತಿದಿನವೂ ಬೇಕು. ಈ ಎರಡು ಅಗತ್ಯಗಳನ್ನು ಸರಿದೂಗಿಸುವ ವೇಳಾಪಟ್ಟಿ ಹಾಗೂ ನಿಯತ ನಿರ್ವಹಣೆಯಿಂದ ಮಾತ್ರ ವಿವಿಧೋದ್ದೇಶ ಎಂಬ ಹೆಸರು ಸಾರ್ಥಕವಾಗುತ್ತದೆ.