ಹುಡುಗಿ ಯಾಕ ಏರಂಗಿಲ್ಲ?

ನಮ್ಮ ಹೊರ್ತಿ ವಿಜಯಪುರ–ಸೊಲ್ಲಾಪುರ ರಸ್ತೆಯ ಮೇಲಿನ ಊರು. ಹೀಗಾಗಿ ಬೇಕಾದ್ದು ಬೇಡಾದ್ದು ಎರಡೂ ಬಸ್ಸು ಹತ್ತಿ ಸಲೀಸಾಗಿ ಬಂದುಬಿಡುತ್ತವೆ. 1996ರ ದೀಪಾವಳಿಗೆ ನಮ್ಮ ಮನೆಯವರು ಸೊಲ್ಲಾಪುರದಿಂದ ಒಂದು ಟೀವಿ ಗೇಮು ತಂದರು. ಜಪಾನಿನ ನಿಂಟೆಂಡೊ ಕಂಪನಿಯ ಯಂತ್ರದ ನಕಲು ಅದು. ಎರಡು ರಿಮೋಟು, ಒಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಸಾವಿರಗಟ್ಟಲೆ ಆಟಗಳಿವೆ ಎಂದು ಬರೆದಿತ್ತು. ಎಣಿಸಿ ನೋಡಿದರೆ ಹತ್ತಿಪ್ಪತ್ತು ಆಟಗಳೇ ಹೆಸರು ಬದಲಿಸಿಕೊಂಡು ಸುತ್ತಿ ಸುತ್ತಿ ಬರುತ್ತಿದ್ದವು.

ಅದರೊಳಗೆ ಮಕ್ಕಳು 'ಮಂಗ್ಯಾನ ಆಟ' ಎನ್ನುತ್ತಿದ್ದುದು ಡಾಂಕಿ ಕಾಂಗ್. ಮೇಲೆ ಒಬ್ಬ ಹುಡುಗಿಯನ್ನು ಎತ್ತಿಕೊಂಡು ಹೋಗಿ ಕೂಡಿಸಿದ ದೊಡ್ಡ ಕಪಿ. ಅದು ಉರುಳಿಸುವ ಪೀಪಾಯಿಗಳನ್ನು ಜಿಗಿಯುತ್ತ, ಏಣಿ ಹತ್ತುತ್ತ, ಟೊಪ್ಪಿಗೆಯ ಗಂಡಸು ಮೇಲೆ ಹೋಗಿ ಅವಳನ್ನು ಬಿಡಿಸಬೇಕು. ಮೊದಲನೇ ರಿಮೋಟು ಯಾವಾಗಲೂ ಮಗನ ಕೈಯಲ್ಲಿ. ಒಂಬತ್ತು ವರ್ಷದ ಮಗಳು ತನ್ನ ಪಾಳಿಗೆ ಕಾಯುತ್ತ ಕೂತಿರುತ್ತಿದ್ದಳು. ಒಂದು ಸಂಜೆ ನಾನು ಜೋಳ ಹಸನು ಮಾಡುತ್ತಿದ್ದಾಗ ಕೇಳಿದಳು:

"ಯವ್ವಾ, ಆ ಹುಡುಗಿ ಬರೇ ಒದರಕೋತ ನಿಂತಾಳಲ್ಲ, ಆಕಿ ಯಾಕ ಏರಂಗಿಲ್ಲ?"

"ಅದು ಇರೋದ ಹಂಗ ಬಿಡ ತಂಗಿ," ಎಂದೆ. ಅಷ್ಟರಲ್ಲಿ ಕರೆಂಟು ಹೋಯಿತು. ಮಾತೂ ಅಲ್ಲಿಗೇ ನಿಂತಿತು.

ಆ ಆಟ ಹುಟ್ಟಿದ ಕತೆಯನ್ನು ನಾನು ತಿಳಿದುಕೊಂಡದ್ದು ಬಹಳ ವರ್ಷಗಳ ಮೇಲೆ. ನಿಂಟೆಂಡೊ ಶುರುವಾದದ್ದು 1889ರಲ್ಲಿ, ಕ್ಯೋಟೊ ಊರಿನಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡಿ ಮಾರುವ ಅಂಗಡಿಯಾಗಿ. 1980ರ ಸುಮಾರಿಗೆ ಅವರು ಅಮೆರಿಕೆಗೆ ಕಳಿಸಿದ್ದ ರೇಡಾರ್ ಸ್ಕೋಪ್ ಎಂಬ ಆಟದ ಯಂತ್ರಗಳಲ್ಲಿ ಸುಮಾರು 2000 ಮಾರಾಟವಾಗದೆ ಉಳಿದವು. ಆ ಯಂತ್ರಗಳಿಗೇ ಹೊಸ ಆಟ ತುಂಬು ಎಂದು ಶಿಗೆರು ಮಿಯಾಮೊಟೊ ಎಂಬ ಯುವಕನಿಗೆ ಒಪ್ಪಿಸಿದರು. 1981ರಲ್ಲಿ ಬಂದ ಡಾಂಕಿ ಕಾಂಗ್ ಹೀಗೆ ಹಳೆಯದರಲ್ಲೇ ಹುಟ್ಟಿದ್ದು. ಹರಿದ ಇಳಕಲ್ ಸೀರೆಯನ್ನು ನಾವು ಕೌದಿ ಮಾಡುವುದಿಲ್ಲವೇ, ಹಾಗೆ. ಏಣಿ ಹತ್ತುವವನಿಗೆ ಆಮೇಲೆ ಮಾರಿಯೊ ಎಂಬ ಹೆಸರು ಬಿತ್ತು. ಅದು ಕಂಪನಿಯ ಅಮೆರಿಕದ ಗೋದಾಮಿನ ಮಾಲೀಕನ ಹೆಸರು. ಮೊದಲು ಬರೀ 'ಲೇಡಿ' ಎನಿಸಿಕೊಂಡಿದ್ದ ಹುಡುಗಿ ಪೌಲೀನ್ ಆದಳು. ಅದು ಬಂದದ್ದು ಅಲ್ಲಿನ ನೌಕರನೊಬ್ಬನ ಹೆಂಡತಿಯ ಹೆಸರಿನಿಂದ. ಮಾರಿಯೊನ ಮೀಸೆ, ಟೊಪ್ಪಿಗೆಗಳೂ ಚಂದಕ್ಕೆಂದು ಬಂದವಲ್ಲ. ಅಷ್ಟು ಸಣ್ಣ ಚಿತ್ರದಲ್ಲಿ ಬಾಯಿ, ಕೂದಲು ಬಿಡಿಸಲು ಜಾಗವಿರಲಿಲ್ಲ.

ತಯಾರಾದ ಆಟಕ್ಕೆ ಕೈ ಹಾಕಿ ಬದಲಿಸುವುದು ಆ ಕಾಲಕ್ಕೇ ಶುರುವಾಗಿತ್ತು. ಅಮೆರಿಕದಲ್ಲಿ ಕಾಲೇಜು ಬಿಟ್ಟ ಕೆಲವು ಹುಡುಗರು ಪ್ಯಾಕ್‌ಮ್ಯಾನ್ ಎಂಬ ಆಟವನ್ನು ತಿದ್ದಿದ್ದರು. ಅದೇ 1982ರಲ್ಲಿ ತಲೆಗೆ ರಿಬ್ಬನ್ ಕಟ್ಟಿಕೊಂಡ ಮಿಸ್ ಪ್ಯಾಕ್‌ಮ್ಯಾನ್ ಆಗಿ ಬಂದಿತು. ಸ್ವತಃ ನಿಂಟೆಂಡೊ ಕೂಡ ಇದನ್ನು ಮಾಡಿದೆ. 1987ರಲ್ಲಿ ಜಪಾನಿನಲ್ಲಿ ಡೋಕಿ ಡೋಕಿ ಪ್ಯಾನಿಕ್ ಎಂಬ ಆಟವಿತ್ತು. ಅದರಲ್ಲಿ ಒಂದು ಸಂಸಾರವೇ ಇತ್ತು. ಅಪ್ಪ, ಅಮ್ಮ, ಒಬ್ಬ ಹುಡುಗ, ಒಬ್ಬ ಹುಡುಗಿ. ನಾಲ್ವರಲ್ಲಿ ಎಲ್ಲರಿಗಿಂತ ಎತ್ತರ ಜಿಗಿಯುವವಳು ಅಮ್ಮ! 1988ರಲ್ಲಿ ಅದನ್ನು ಸೂಪರ್ ಮಾರಿಯೊ ಬ್ರದರ್ಸ್ 2 ಎಂದು ಅಮೆರಿಕೆಗೆ ಕಳಿಸುವಾಗ ಪಾತ್ರಗಳನ್ನು ಬದಲಿಸಿದರು. ಅಮ್ಮನ ಜಾಗಕ್ಕೆ ಮಾರಿಯೊನ ತಮ್ಮ ಲುಯಿಜಿ ಬಂದ. ಜಿಗಿತ ಉಳಿಯಿತು, ಅಮ್ಮ ಉಳಿಯಲಿಲ್ಲ. ಇದನ್ನು ಓದಿದಾಗ ನಗು ಬಂತು, ಒಳಗೆ ಸಣ್ಣಗೆ ಚುಚ್ಚಿತು ಕೂಡ.

ಚುಚ್ಚಲು ಕಾರಣವಿದೆ. 2000ದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನು ವಿಜಯಪುರದ ಹಾಸ್ಟೆಲಿನಲ್ಲಿಟ್ಟು ಸೈನ್ಸ್ ಓದಿಸಿದೆವು. 2003ರಲ್ಲಿ ಮಗಳು ಅವನಿಗಿಂತ ಹೆಚ್ಚು ಅಂಕ ತಂದು, ತನಗೂ ಸೈನ್ಸ್ ಬೇಕು ಎಂದಳು. ಹುಡುಗಿಯನ್ನು ಹಾಸ್ಟೆಲಿಗೆ ಬಿಡುವುದು ಬೇಡವೆಂದರು ಮನೆಯಲ್ಲಿ. ಅವಳು ನನ್ನ ಮುಖ ನೋಡಿದಳು. ನಾನು ಮತ್ತೆ ಅದೇ ಮಾತಂದೆ: "ಇರೋದ ಹಂಗ ಬಿಡ ತಂಗಿ." ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್ ಓದಿದಳು. ಮದುವೆಯಾಗಿ ಸೊಲ್ಲಾಪುರಕ್ಕೆ ಹೋದ ಮೇಲೆ ತಾನೇ ಕಂಪ್ಯೂಟರ್ ಕಲಿತು, ಒಂದು ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಕೆಲಸ ಹಿಡಿದಳು.

2018ರ ಬೇಸಗೆ ಸೂಟಿಗೆ ಮಗಳನ್ನು ಕರೆದುಕೊಂಡು ಬಂದಳು. ಮೊಮ್ಮಗಳಿಗೆ ಆಗ ಆರು ವರ್ಷ. ಲ್ಯಾಪ್‌ಟಾಪಿನಲ್ಲಿ ಅದೇ ಹಳೆಯ ಮಂಗ್ಯಾನ ಆಟ! ನೋಡಿದರೆ ಏಣಿ ಹತ್ತುತ್ತಿದ್ದುದು ಮಾರಿಯೊ ಅಲ್ಲ, ಸೀರೆಯುಟ್ಟ ಹೆಂಗಸು.

"ಇದನ್ನ ಯಾರ ಮಾಡಿದ್ರ?"

"ನಾನಬೇ."

ಆಗ ಅವಳು ಹೇಳಿದ ಸಂಗತಿ ಇದು. 2013ರಲ್ಲಿ ಅಮೆರಿಕದ ಮೈಕ್ ಮಿಕಾ ಎಂಬಾತನಿಗೆ ಮೂರು ವರ್ಷದ ಮಗಳಿದ್ದಳು. ಡಾಂಕಿ ಕಾಂಗ್ ಆಡುತ್ತ ಆ ಕೂಸು, ಹುಡುಗಿಯೇ ಮಾರಿಯೊನನ್ನು ಬಿಡಿಸುವಂತೆ ಆಡಬಹುದೇ ಎಂದು ಅಪ್ಪನನ್ನು ಕೇಳಿತಂತೆ. ಆಟ ತಯಾರಿಸುವುದೇ ವೃತ್ತಿಯಾಗಿದ್ದ ಆತ ರಾತ್ರಿ ನಿದ್ದೆಗೆಟ್ಟು ಚಿತ್ರಗಳನ್ನು ತಿದ್ದಿ, ಪೌಲೀನಳನ್ನು ಕೆಳಗಿಳಿಸಿ ಮಾರಿಯೊನನ್ನು ಮೇಲೆ ಕೂಡಿಸಿದ. ಅದು ಜಗತ್ತಿಗೆಲ್ಲ ಸುದ್ದಿಯಾಯಿತು. ಅದನ್ನು ಓದಿದ ದಿನದಿಂದ ನನ್ನ ಮಗಳ ತಲೆಯಲ್ಲೂ ಆ ಹುಳ ಹೊಕ್ಕಿತ್ತು.

ಹೇಗೆ ಮಾಡಿದೆ ಎಂದು ಕೇಳಿದ್ದಕ್ಕೆ ತೋರಿಸಿದಳು. ನಿಮಗೂ ತಿಳಿದೀತು, ಕಸೂತಿ ಹಾಕಿದವರಿಗಂತೂ ಬೇಗ ತಿಳಿಯುತ್ತದೆ. ಆ ಯಂತ್ರದಲ್ಲಿ ಚಿತ್ರವೆಂದರೆ ಅಡ್ಡ 8, ಉದ್ದ 8 ಚೌಕಗಳ ಒಂದು ತುಂಡು. ಇಂಥ ನಾಲ್ಕು ತುಂಡು ಕೂಡಿಸಿದರೆ ಒಬ್ಬ ಮಾರಿಯೊ. ಬಣ್ಣ ಮೂರೇ. ಎಳೆ ಎಣಿಸಿ ಗವಂತಿ, ಮುರ್ಗಿ ಹಾಕುವ ಹಾಗೆಯೇ ಚೌಕ ಎಣಿಸಿ ತುಂಬಬೇಕು. ಒಂದು ತಪ್ಪಿದರೆ ಮೂಗು ಹೋಗಿ ಕೊಂಬಾಗುತ್ತದೆ. ಮೈಗೊಂದು ಬಣ್ಣ, ಕೂದಲಿಗೊಂದು, ಸೀರೆಗೆ ಕೆಂಪು. ಕುಂಕುಮಕ್ಕೆ ಬೇರೆ ಬಣ್ಣ ಉಳಿಯಲಿಲ್ಲವೆಂದು ಸೀರೆಯ ಕೆಂಪಿನಲ್ಲೇ ಹಣೆಗೆ ಒಂದು ಚೌಕ ಇಟ್ಟಿದ್ದಳು. ಹೆಜ್ಜೆ ಹಾಕುವುದು, ಜಿಗಿಯುವುದು, ಏಣಿ ಹತ್ತುವುದು, ಸುತ್ತಿಗೆ ಬೀಸುವುದು, ಒಂದೊಂದಕ್ಕೂ ಬೇರೆ ಬೇರೆ ಚಿತ್ರ. ಪ್ರೆಸ್ಸಿನಿಂದ ಬಂದು ಅಡಿಗೆ ಮುಗಿಸಿದ ಮೇಲೆ ಕೂತು ತಿಂಗಳೊಪ್ಪತ್ತು ಮಾಡಿದಳಂತೆ.

ಇಂಥ ಕೆಲಸ ಮಾಡುವವರು ಲೋಕದ ತುಂಬ ಇದ್ದಾರೆ. 2000ದಲ್ಲಿ ಸೂಪರ್ ಮಾರಿಯೊ ವರ್ಲ್ಡ್ ಆಟ ತಿದ್ದಲೆಂದೇ ಲೂನಾರ್ ಮ್ಯಾಜಿಕ್ ಎಂಬ ಸಲಕರಣೆ ಬಂದ ಮೇಲಂತೂ ಹೊಸ ಹೊಸ ಘಟ್ಟ ಕಟ್ಟುವವರು ಹೆಚ್ಚಿದರು. ಆಟ ಕಂಪನಿಯ ಸ್ವತ್ತು. ಪೂರ್ತಿ ಆಟ ಹಂಚಿದರೆ ಕಾನೂನಿನ ತೊಡಕು. ಹೀಗಾಗಿ ತಾವು ಬದಲಿಸಿದಷ್ಟನ್ನೇ ಸಣ್ಣ ಕಡತ ಮಾಡಿ ಹಂಚುವುದು ಅವರಲ್ಲಿ ರೂಢಿ. ಅದಕ್ಕೆ ಅವರು ಇಟ್ಟ ಹೆಸರು ಪ್ಯಾಚ್, ಅಂದರೆ ನಮ್ಮ ತೇಪೆ.

"ಮ್ಯಾಲ ಒದರಕೋತ ನಿಂತಾವ ಯಾರ?" ಎಂದು ಕೇಳಿದೆ.

"ಅಣ್ಣ," ಎಂದು ನಕ್ಕಳು. ನಾನೂ ನಕ್ಕೆ. ನಗು ನಿಂತ ಮೇಲೆ, ಹದಿನೈದು ವರ್ಷದಿಂದ ಗಂಟಲಲ್ಲಿದ್ದ ಮಾತು ಹೊರಗೆ ಬಂತು.

"ಆವತ್ತ ನಿನ್ನ ಸೈನ್ಸಿಗೆ ಹಾಕಸಬೇಕಿತ್ತ ತಂಗಿ. ನಾ ಬಾಯಿ ಬಿಡಲಿಲ್ಲ."

ಅವಳು ತುಸು ಹೊತ್ತು ಸುಮ್ಮನಿದ್ದಳು. "ಹೌದಬೇ, ಬಿಡಬೇಕಿತ್ತ," ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಎನ್ನದೇ ಇದ್ದದ್ದೇ ಸರಿ.

ಅಷ್ಟರಲ್ಲಿ ಮೊಮ್ಮಗಳು ನನ್ನ ಸೆರಗು ಜಗ್ಗಿ, "ಆಯಿ, ಈಗ ನಿನ್ನ ಪಾಳಿ," ಎಂದು ಆಟದ ಗುಂಡಿಗಳ ಮೇಲೆ ನನ್ನ ಬೆರಳಿಟ್ಟಳು. ಮೊದಲ ಪೀಪಾಯಿಗೇ ನನ್ನ ಹೆಂಗಸು ಬಿದ್ದಳು. ಎರಡನೆಯ ಸಲ ಒಂದು ಏಣಿ ಹತ್ತಿದೆ.