ಸೆರಗಿನ ಮೇಲಣ ತೇರು: ಕಸೂತಿಯ ಚರಿತ್ರೆಯನ್ನು ಕುರಿತು

ನಮ್ಮ ನಾಡಿನ ಇತಿಹಾಸವನ್ನು ಬರೆಯುವವರು ಶಿಲಾಶಾಸನ, ತಾಮ್ರಪಟ, ಓಲೆಗರಿ ಇವುಗಳನ್ನು ಆಧಾರವಾಗಿ ಹಿಡಿಯುವರು. ಅದು ಯೋಗ್ಯವೇ ಸರಿ. ಆದರೆ ಅಕ್ಷರವನ್ನರಿಯದ ಸ್ತ್ರೀಯರು ತಾವು ಕಂಡುದನ್ನು ಯಾವದರ ಮೇಲೆ ಬರೆದಿಟ್ಟರೆಂದು ಕೇಳುವವರು ವಿರಳ. ಧಾರವಾಡ, ವಿಜಾಪುರ, ಬೆಳಗಾವಿ ಸೀಮೆಗಳ ಹಳೆಯ ಮನೆತನಗಳ ಪೆಟ್ಟಿಗೆಗಳನ್ನು ತೆರೆಯಿಸಿದರೆ ಉತ್ತರವು ದೊರೆಯುವದು. ಸೀರೆಯ ಸೆರಗಿನ ಮೇಲೆ, ಕುಪ್ಪಸದ ತೋಳಿನ ಮೇಲೆ, ಕೂಸಿನ ಕುಂಚಿಗೆಯ ಮೇಲೆ ಅವರು ಸೂಜಿಯಿಂದ ಬರೆದರು. ಆ ಬರವಣಿಗೆಗೆ ಕಸೂತಿಯೆಂದು ಹೆಸರು.

ಮಠದ ಸಂಸ್ಮರಣ ಗ್ರಂಥದಲ್ಲಿ ಸೂಜಿದಾರದ ಮಾತೇಕೆಂದು ವಾಚಕರು ಶಂಕಿಸಬಾರದು. ಮಗ್ಗದ ಮುಂದೆ ಕುಳಿತ ಜೇಡರ ದಾಸಿಮಯ್ಯನನ್ನೂ ಕದಿರು ತಿರುವುತ್ತಿದ್ದ ರೆಮ್ಮವ್ವೆಯನ್ನೂ ವಚನಕಾರರೆಂದು ಗೌರವಿಸುವ ಪರಂಪರೆ ನಮ್ಮದು. ನೂಲುವದೂ ನೇಯುವದೂ ಕಾಯಕವಾದರೆ, ನೆಯ್ದ ಬಟ್ಟೆಯ ಮೇಲೆ ಚಿತ್ರವನ್ನೆತ್ತುವದು ಮಾತ್ರ ಬಿಡುವಿನ ವೇಳೆಯ ಹವ್ಯಾಸವೆನಿಸುವದು ಹೇಗೆ?

ಈ ಕೆಲಸದ ರೀತಿಯು ವಿಚಾರಾರ್ಹವಾಗಿದೆ. ಸಂಪ್ರದಾಯವನ್ನು ಬಲ್ಲ ಹೆಂಗಸು ಬಟ್ಟೆಯ ಮೇಲೆ ಮೊದಲು ನಕ್ಷೆಯನ್ನು ಬರೆದುಕೊಳ್ಳುವದಿಲ್ಲ; ಹಾಸು ಹೊಕ್ಕುಗಳ ಎಳೆಗಳನ್ನೆಣಿಸುತ್ತ ನಡೆಯುವಳು. ದಾರಕ್ಕೆ ಗಂಟು ಹಾಕುವದಿಲ್ಲ. ಹೊಲಿಗೆಗಳು ನಾಲ್ಕು: ಗಾವಂತಿ, ಮುರಗಿ, ನೇಯ್ಗೆ, ಮೆಂತೆ. ಗಾವಂತಿಯಲ್ಲಿ ಸೂಜಿಯು ಒಂದು ಹೆಜ್ಜೆಯನ್ನು ತುಂಬಿ ಒಂದನ್ನು ಬಿಟ್ಟು ಮುಂದೆ ಹೋಗುವದು. ತಿರುಗಿ ಬರುವಾಗ ಬಿಟ್ಟುದನ್ನೆಲ್ಲ ತುಂಬುವದು. ಹೀಗಾಗಿ ಬಟ್ಟೆಯ ಎರಡೂ ಮಗ್ಗುಲಲ್ಲಿ ಚಿತ್ರವು ಒಂದೇ. ಮುರಗಿಯೂ ಇಂತಹದೇ, ಏಣಿಯ ಮೆಟ್ಟಿಲಿನಂತೆ ಏರಿಳಿಯುವದು. ನೇಯ್ಗೆಯು ಹೆಸರಿಗೆ ತಕ್ಕಂತೆ ಮಗ್ಗದಲ್ಲಿಯೇ ನೆಯ್ದಂತೆ ತೋರುವದು, ಮೆಂತೆಯು ಕತ್ತರಿಹೊಲಿಗೆ. ಇವೆರಡಕ್ಕೂ ಹಿಂಬದಿಯ ಸಾಮ್ಯವಿಲ್ಲ. ಕವಲೊಡೆದ ಗಿಡವನ್ನೋ ಕಳಸವುಳ್ಳ ಗೋಪುರವನ್ನೋ ಗಾವಂತಿಯಲ್ಲಿ ತೆಗೆಯುವವಳು ಪ್ರತಿಯೊಂದು ಕೊನೆಗೂ ಹೋಗಿ ಬಂದು, ಹೊರಟ ಸ್ಥಳಕ್ಕೇ ಮರಳಬೇಕು. ಆ ದಾರಿಯೆಲ್ಲ ಮೊದಲೇ ಮನಸ್ಸಿನಲ್ಲಿ ಸಿದ್ಧವಾಗಿರಬೇಕು. ಇದು ಗಣಿತವಲ್ಲದೆ ಮತ್ತೇನು? ಯುರೋಪಿನಲ್ಲಿ ಇದೇ ಹೊಲಿಗೆಗೆ 16ನೆಯ ಶತಮಾನದ ಚಿತ್ರಕಾರ ಹೋಲ್ಬೈನನ ಹೆಸರಿಟ್ಟಿರುವರು. ಅವನ ಚಿತ್ರಗಳಲ್ಲಿಯ ಶ್ರೀಮಂತರ ಅಂಗಿಯ ಕೊರಳಪಟ್ಟಿಗಳಲ್ಲಿ ಅದು ಕಾಣುವದೆಂದು. ಹೊಲಿದವರ ಹೆಸರು ಅಲ್ಲಿಯೂ ಉಳಿಯಲಿಲ್ಲ, ಇಲ್ಲಿಯೂ ಉಳಿಯಲಿಲ್ಲ.

ಇನ್ನು ಚಿತ್ರಗಳು. ತೇರು, ಗೋಪುರ, ಪಲ್ಲಕ್ಕಿ, ಆನೆ ಅಂಬಾರಿ, ನಂದಿ, ನವಿಲು, ಗಿಳಿ, ದೀಪದ ಕಂಬ, ತುಲಸಿಕಟ್ಟೆ, ಕಮಲ. ಇವು ಜಾತ್ರೆಗೆ ಹೋಗಿ ಬಂದ ಕಣ್ಣು ಆಯ್ದುಕೊಂಡವುಗಳೆಂಬುದು ಸ್ಪಷ್ಟ. ಅಡ್ಡಪಲ್ಲಕ್ಕಿಯ ಉತ್ಸವವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಕಲೆಯು ಚಾಲುಕ್ಯರ ಕಾಲದ್ದೆಂದು ಹೇಳುವ ರೂಢಿಯುಂಟು. ಅರಿವೆಯು ಕಲ್ಲಿನಂತೆ ಉಳಿಯತಕ್ಕದ್ದಲ್ಲವಾದ್ದರಿಂದ ನಾನು ಆ ಮಾತನ್ನು ಬಲವಾಗಿ ಹಿಡಿಯಲಾರೆನು. ಆದರೆ ಹಂಪೆಯ ಹಜಾರರಾಮ ದೇವಾಲಯದ ಹೊರಗಿನ ಪ್ರಾಕಾರವನ್ನು ನೋಡಿದವರು, ಅಲ್ಲಿ ಆನೆ, ಕುದುರೆ, ಕಾಲಾಳು, ನರ್ತಕಿಯರು ಸಾಲು ಸಾಲಾಗಿ ಒಂದರ ಮೇಲೊಂದು ಪಟ್ಟಿಯಲ್ಲಿ ನಡೆದಿರುವದನ್ನು ಕಂಡಿರುವರು. ಕಸೂತಿಯ ಸೆರಗಿನ ಏರ್ಪಾಡು ಇದೇ. ಕಲ್ಲಿನಿಂದ ನೂಲಿಗೆ ಇಳಿಯಿತೆಂದು ಸಾಧಿಸಲು ಇಷ್ಟೇ ಸಾಲದು. ಕಲ್ಲುಕುಟಿಗನೂ ಕಸೂತಿಯವಳೂ ಒಂದೇ ಮೆರವಣಿಗೆಯನ್ನು ನೋಡಿದವರೆನ್ನಲು ಮಾತ್ರ ಅಡ್ಡಿಯಿಲ್ಲ. ಅವಳು ಅದನ್ನು ಹಾಗೆಯೇ ಇಳಿಸಲಿಲ್ಲ. ಎಳೆಯೆಣಿಕೆಯಲ್ಲಿ ನೇರಗೆರೆ, ಅಡ್ಡಗೆರೆ, ಓರೆಗೆರೆಗಳಿಗೆ ಮಾತ್ರ ಎಡೆಯುಂಟು, ದುಂಡಿಗೆ ಎಡೆಯಿಲ್ಲ. ಆದುದರಿಂದ ಕಮಲವು ಮೂಲೆಗಳುಳ್ಳದ್ದಾಯಿತು, ನವಿಲಿನ ಕೊರಳು ಮೆಟ್ಟಿಲಾಯಿತು. ಆ ಕಟ್ಟಳೆಯೊಳಗೆ ಹುಟ್ಟಿದ ನವಿಲು ಕಾಡಿನ ನವಿಲಿಗಿಂತ ಬೇರೆ, ಅದರಿಂದಲೇ ಅಂದ.

ಬಣ್ಣದ ವಿಷಯದಲ್ಲಿ ಕಸೂತಿಯು ಇಳಕಲ್ಲಿನ ಮಗ್ಗಕ್ಕೆ ಋಣಿಯಾಗಿದೆ. ಅಲ್ಲಿ ಸೀರೆಯ ಮೈಯ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಕೊಂಡಿ ಕೊಂಡಿಯಾಗಿ ಸಿಕ್ಕಿಸಿ ನೇಯುವರು, ಇದಕ್ಕೆ ತೋಪುತೆನೆಯೆನ್ನುವರು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕೆಂಪು, ಕಿತ್ತಳೆ, ಹಸುರು, ಬಿಳಿಯ ಎಳೆಗಳು ಕತ್ತಲೆಯಲ್ಲಿ ಹಣತೆಗಳಂತೆ ಎದ್ದು ಕಾಣುವವು. ಹಿಂದೆ ಬಣ್ಣಗಾರರು ಬೇರಿನಿಂದ ಕೆಂಪನ್ನೂ ನೀಲಿಗಿಡದಿಂದ ಕಪ್ಪಿಗೆ ಸಮೀಪಿಸುವ ಕಡುನೀಲಿಯನ್ನೂ ತೆಗೆಯುತ್ತಿದ್ದರು. 1868ರಲ್ಲಿ ಜರ್ಮನಿಯ ರಸಾಯನಜ್ಞರು ಬೇರಿನ ಕೆಂಪನ್ನು ಪ್ರಯೋಗಶಾಲೆಯಲ್ಲಿ ಕಟ್ಟಿದರು. 1897ರಲ್ಲಿ ಕೃತಕ ನೀಲಿಯು ಪೇಟೆಗೆ ಬಂದಿತು. ಗಿಡದ ನೀಲಿಯ ವ್ಯಾಪಾರವು ಕೆಲವೇ ವರ್ಷಗಳಲ್ಲಿ ಕುಸಿಯಿತು. ಬಣ್ಣಗಾರನ ವಿದ್ಯೆ ಹೋಯಿತು, ಸೂಜಿಯ ವಿದ್ಯೆ ಉಳಿಯಿತು.

ಈಗ ಸೂಜಿಗೇ ಸಂಕಟವೊದಗಿದೆ. ಕಸೂತಿಗೂ ಇಳಕಲ್ಲ ಸೀರೆಗೂ ಸರಕಾರದ ಭೌಗೋಳಿಕ ಗುರುತು ದೊರೆತಿರುವದು ಸಂತೋಷದ ಸಂಗತಿಯೇ. ಆದರೆ ಅದು ಹೆಸರನ್ನು ಕಾಯಬಲ್ಲುದು, ಕೈಯನ್ನು ಕಾಯಲಾರದು. ಯಂತ್ರದಲ್ಲಿ ಹೊಲಿದ, ಅಚ್ಚಿನಲ್ಲಿ ಒತ್ತಿದ ತೇರುಗಳು ಅಗ್ಗವಾಗಿ ದೊರೆಯುವಾಗ, ದಿನಗಟ್ಟಲೆ ಎಳೆಯೆಣಿಸುವವಳಿಗೆ ತಕ್ಕ ಕೂಲಿಯನ್ನು ಕೊಡುವವರು ಯಾರು? ನಕ್ಷೆಯನ್ನು ಪುಸ್ತಕದಿಂದ ಪಡೆಯಬಹುದು. ಸೂಜಿಯು ಹೋಗಿ ಮರಳುವ ದಾರಿಯನ್ನು ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಮಠಗಳು ಪಾಠಶಾಲೆಗಳನ್ನೂ ಪ್ರಸಾದನಿಲಯಗಳನ್ನೂ ನಡೆಯಿಸಿ ಅಕ್ಷರವನ್ನು ಮನೆಮನೆಗೆ ಮುಟ್ಟಿಸಿದವು. ಅವುಗಳ ಒಂದು ಕೋಣೆಯಲ್ಲಿ ವಾರಕ್ಕೆರಡು ದಿನ, ಬಲ್ಲ ಮುದುಕಿಯೊಬ್ಬಳನ್ನು ಸಂಬಳ ಕೊಟ್ಟು ಕೂಡಿಸಿ, ಹುಡುಗಿಯರಿಗೂ ಹುಡುಗರಿಗೂ ಗಾವಂತಿಯನ್ನು ಕಲಿಸಬಾರದೇಕೆ? ಕೊಳ್ಳುವವರಾದರೂ ಅಂಗಡಿಯಲ್ಲಿ ಸೆರಗನ್ನೊಮ್ಮೆ ಮಗುಚಿ ನೋಡಲಿ. ಗಾವಂತಿಯ ತೇರಾದರೆ ಹಿಂದೆಯೂ ಅದೇ ತೇರು, ಗಂಟಿಲ್ಲದೆ, ನಿಂತಿರಬೇಕು.