ಕುರಿಯ ಮಿದುಳಿನಿಂದ ಇಲಿಯ ಅಡ್ರಿನಲ್‌ವರೆಗೆ

ಮಳವಳ್ಳಿ ತಾಲ್ಲೂಕಿನ ಬಂಡೂರಿಗೆ ಹೆಸರು ತಂದದ್ದು ಅಲ್ಲಿನ ಕುರಿ. ಗಿಡ್ಡ ಕಾಲು, ಕೋಡಿಲ್ಲದ ತಲೆ, ಜೋಲುಗಿವಿ. ಹಿಂದಿನಿಂದ ನೋಡಿದರೆ ತುಂಬಿದ ತೊಡೆಗಳ ನಡುವೆ ಬೋರಲಾದ ‘ಯು’ ಅಕ್ಷರ. ಕೊಳ್ಳುವವರ ಕಣ್ಣೆಲ್ಲ ಆ ತೊಡೆಯ ಮೇಲೆ. ಆದರೆ ವಿಜ್ಞಾನಿಗಳಿಗೆ ಬೇಕಾಗಿದ್ದದ್ದು ಕುರಿಯ ತಲೆ, ಅದರಲ್ಲೂ ಮಿದುಳಿನ ತಳದಲ್ಲಿರುವ ಹೈಪೊಥಾಲಮಸ್ ಎಂಬ ಚೂರು. ಆ ಕುರಿಗಳು ಬಂಡೂರಿನವಲ್ಲ. ಆ ಚೂರಿನಲ್ಲಿ ಅಡಗಿದ್ದ ಒಂದು ಹಾರ್ಮೋನಿನ ಹುಡುಕಾಟಕ್ಕೆ ಮಾತ್ರ ಲಕ್ಷಗಟ್ಟಲೆ ಕುರಿಗಳು ಬೇಕಾದವು.

ಕತೆ ಶುರುವಾದದ್ದು ಇಲಿಯಿಂದ. 1930ರಲ್ಲಿ ಪಿ.ಇ. ಸ್ಮಿತ್ ಇಲಿಗಳ ಮಿದುಳಿನಡಿಯ ಪಿಟ್ಯೂಟರಿ ಗ್ರಂಥಿ ತೆಗೆದಾಗ ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಹೊರಪದರ ಸೊರಗಿತು. 1936ರಲ್ಲಿ ಹಾನ್ಸ್ ಸೆಲ್ಯೆ ಕಂಡದ್ದು ಇದರ ತಿರುವುಮುರುವು: ಚಳಿ, ಗಾಯ, ವಿಷ, ಯಾವುದರಿಂದ ನರಳಿದರೂ ಇಲಿಯ ಅಡ್ರಿನಲ್ ಊದಿಕೊಳ್ಳುತ್ತಿತ್ತು. 1946ರಲ್ಲಿ ಡೀನ್ ಮತ್ತು ಗ್ರೀಪ್ ಸೂಕ್ಷ್ಮದರ್ಶಕದಡಿ ಆ ಹೊರಪದರದ ಒಂದೊಂದು ಪದರವನ್ನೂ ಬೇರೆಬೇರೆಯಾಗಿ ನೋಡಿದರು. ಪಿಟ್ಯೂಟರಿ ಇಲ್ಲದೆ ಒಳಗಿನ ಪದರಗಳು ಕುಗ್ಗಿದ್ದವು, ಅಂಚಿನ ಗ್ಲೊಮೆರುಲೋಸಾ ಪದರ ಬಹುಪಾಲು ಹಾಗೇ ಉಳಿದಿತ್ತು.

ಅಡ್ರಿನಲ್ ನಡೆಯುವುದು ಪಿಟ್ಯೂಟರಿಯ ಅಪ್ಪಣೆಯಂತೆ. ಹಾಗಾದರೆ ಪಿಟ್ಯೂಟರಿಗೆ ಅಪ್ಪಣೆ ಕೊಡುವವರು ಯಾರು? ಹೈಪೊಥಾಲಮಸ್ಸಿನಲ್ಲಿ ಅಂಥದೊಂದು ವಸ್ತುವಿದೆ ಎಂದು 1955ರಲ್ಲಿ ಗಿಯೆಮಾಂ ಅವರೂ ಶಾಲಿ ಅವರೂ ಬೇರೆಬೇರೆಯಾಗಿ ತೋರಿಸಿದರು. ಅದು ಕೈಗೆ ಸಿಕ್ಕಿದ್ದು 1981ರಲ್ಲಿ. ವೈಲಿ ವೇಲ್ ಅವರ ತಂಡ ಸುಮಾರು 4,90,000 ಕುರಿಗಳ ಹೈಪೊಥಾಲಮಸ್ ಸಾರವನ್ನು ಸೋಸಿ, 41 ಅಮೈನೊ ಆಮ್ಲಗಳ ಸಿಆರ್‌ಎಚ್ ಹಾರ್ಮೋನನ್ನು ಗುರುತಿಸಿತು.

ಆಮೇಲೆ ಮತ್ತೆ ಇಲಿಯ ಸರದಿ. ತಲೆಬುರುಡೆಗೆ ಸಣ್ಣ ತೂತು ಕೊರೆದು, ಮಿದುಳಿನ ದ್ರವಕೋಶಕ್ಕೆ ನಳಿಕೆ ಇಳಿಸಿ, ಈ ಹಾರ್ಮೋನಿನ ಕೆಲವೇ ಮೈಕ್ರೊಲೀಟರ್ ದ್ರಾವಣ ಬಿಡುತ್ತಾರೆ. ಇನ್ನೊಂದು ಗುಂಪಿಗೆ ಬರೀ ಉಪ್ಪುನೀರು. ಸಿಆರ್‌ಎಚ್ ದಿನಗಟ್ಟಲೆ ಹೀಗೆ ಸೇರಿದರೆ ಅಡ್ರಿನಲ್ ತೂಕ ಏರುತ್ತದೆ, ಥೈಮಸ್ ಗ್ರಂಥಿ ಕುಗ್ಗುತ್ತದೆ, ರಕ್ತದಲ್ಲಿ ಅಡ್ರಿನಲ್ ಹೊರಪದರದ ಹಾರ್ಮೋನು ಕಾರ್ಟಿಕೊಸ್ಟೆರೋನ್ ಹೆಚ್ಚುತ್ತದೆ. (ಕುರಿಗೂ ಮನುಷ್ಯನಿಗೂ ಮುಖ್ಯವಾದದ್ದು ಕಾರ್ಟಿಸಾಲ್, ಇಲಿಯ ಲೆಕ್ಕವೇ ಬೇರೆ.) ಇಲಿ ನಿಶಾಚರಿ, ಕಾರ್ಟಿಕೊಸ್ಟೆರೋನ್ ಅದರಲ್ಲಿ ಸಂಜೆಗೆ ತಾನಾಗಿಯೇ ಏರುತ್ತದೆ. ರಕ್ತ ತೆಗೆದ ಹೊತ್ತು ಬರೆದಿಡದ ಪ್ರಯೋಗವನ್ನು ನಂಬುವುದು ಕಷ್ಟ.

ದಾರಿ ಪಿಟ್ಯೂಟರಿಯದೊಂದೇ ಅಲ್ಲ ಎಂಬುದು ಇನ್ನೂ ಸ್ವಾರಸ್ಯ. ಮಿದುಳಿಗೆ ಬಿಟ್ಟ ಸಿಆರ್‌ಎಚ್ ಸಿಂಪಥೆಟಿಕ್ ನರಗಳನ್ನೂ ಕೆರಳಿಸಿ, ಅಡ್ರಿನಲ್‌ನ ಒಳತಿರುಳಿನಿಂದ ಅಡ್ರಿನಲಿನ್ ಹೊರಡಿಸುತ್ತದೆ. ರಕ್ತದ ಮೂಲಕ ಹೊರಪದರಕ್ಕೆ, ನರದ ಮೂಲಕ ತಿರುಳಿಗೆ: ಒಂದೇ ಗ್ರಂಥಿಗೆ ಎರಡು ಟಪಾಲು. ಮಿದುಳಿನಿಂದ ಅಡ್ರಿನಲನ್ನು ಕೆರಳಿಸುವುದು ಅದೊಂದೇ ಅಲ್ಲ: 1999ರಲ್ಲಿ ಇಲಿಯ ಜಠರದಲ್ಲಿ ಸಿಕ್ಕ, ಹಸಿವಿನ ಹಾರ್ಮೋನು ಗ್ರೆಲಿನ್ ಕೂಡ ಮಿದುಳಿಗೆ ಬಿಟ್ಟಾಗ ಕಾರ್ಟಿಕೊಸ್ಟೆರೋನ್ ಏರಿಸುತ್ತದೆ.

ಕುರಿಯ ಸಿಆರ್‌ಎಚ್‌ಗೂ ನಮ್ಮದಕ್ಕೂ ಏಳು ಅಮೈನೊ ಆಮ್ಲಗಳಷ್ಟೇ ವ್ಯತ್ಯಾಸ. ಮನುಷ್ಯನ ರಕ್ತದಲ್ಲಿ ಕುರಿಯದ್ದೇ ಹೆಚ್ಚು ಹೊತ್ತು ಉಳಿಯುತ್ತದೆ. ಕಾರ್ಟಿಸಾಲ್ ಮಿತಿಮೀರುವ ಕುಶಿಂಗ್ ಸಿಂಡ್ರೋಮಿನ ಮೂಲ ಪಿಟ್ಯೂಟರಿಯಲ್ಲೋ ಬೇರೆಡೆಯೋ ಎಂದು ಪತ್ತೆಹಚ್ಚುವ ಪರೀಕ್ಷೆಗೆ ವೈದ್ಯರು ಚುಚ್ಚಿದ್ದು ಕುರಿಯ ಹಾರ್ಮೋನಿನ ಕೃತಕ ಪ್ರತಿಯನ್ನೇ.